ಬಾಡಿಗೆ ಎರಡು ತಿಂಗಳು ಬಾಕಿ: ತುಮಕೂರಿನಲ್ಲಿ ಸರ್ಕಾರದಿಂದ ಏನಾದರೂ ಸಹಾಯ ಸಿಗುತ್ತಾ?

ಶಿರಾಗೇಟ್ ನಿವಾಸಿ:
ಪಕ್ಕದ ಮನೆಯವರ ಪರವಾಗಿ ಕೇಳ್ತಿದ್ದೀನಿ. ಗಂಡನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಸಂಬಳ 15,000, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಟ್ ಆಗುತ್ತೆ. ಬೆಳಗಿನ ಶಿಫ್ಟಿಗೆ ಬೈಕಿನಲ್ಲಿ ಹೋಗುವಾಗ ಬಿದ್ದು ಕಾಲು ಮುರಿದಿದೆ. ಡಾಕ್ಟರು ಮೂರು ತಿಂಗಳು ರೆಸ್ಟ್ ಹೇಳಿದ್ದಾರೆ. ಮನೆ ಬಾಡಿಗೆ 6,000, ಅಡ್ವಾನ್ಸ್ 50,000 ಕೊಟ್ಟಿದ್ದಾರೆ. ಎರಡು ತಿಂಗಳ ಬಾಡಿಗೆ ನಿಂತಿದೆ. ಓನರ್ "ಒಂದನೇ ತಾರೀಖಿಗೆ ಖಾಲಿ ಮಾಡಿ, ಇಲ್ಲಾಂದ್ರೆ ಕರೆಂಟ್ ತೆಗೆಸ್ತೀನಿ" ಅಂದಿದ್ದಾರೆ. ಬಿಪಿಎಲ್ ಕಾರ್ಡ್ ಪಾವಗಡದ ವಿಳಾಸದಲ್ಲಿದೆ. ಹೆಂಡತಿಯ ತಮ್ಮ ಡಿಗ್ರಿ ಓದ್ತಿದ್ದಾನೆ, ಹಾಸ್ಟೆಲ್ ಸಿಗದೆ ಇಲ್ಲೇ ರೂಮ್ ಮಾಡಿಕೊಂಡಿದ್ದಾನೆ. ಬಾಡಿಗೆ ಕಟ್ಟೋಕೆ ಅಂತಲೇ ಯಾವುದಾದರೂ ಯೋಜನೆ ಇದೆಯಾ?

ಕಾರ್ಮಿಕ ಮಿತ್ರ:
ಬಾಡಿಗೆ ಕಟ್ಟಿಕೊಡುವ ಯೋಜನೆ ನಮ್ಮ ರಾಜ್ಯದಲ್ಲಿಲ್ಲ. ಅದನ್ನು ಹುಡುಕಿಕೊಂಡು ಕಚೇರಿ ಕಚೇರಿ ಅಲೆಯೋದು ಬೇಡ. ಆದರೆ ಈ ಮನೆಗೆ ಬರಬೇಕಾದ ದುಡ್ಡು ಬೇರೆ ಕಡೆ ಇದೆ, ಅದೂ ಸಣ್ಣ ಮೊತ್ತವಲ್ಲ.

ಕಾಯಿಲೆ ಬಿದ್ದು ಮನೆಯಲ್ಲಿದ್ದರೆ ಇಎಸ್‌ಐ ಸರಾಸರಿ ದಿನಗೂಲಿಯ ಶೇ. 70ರಷ್ಟು ಕೊಡುತ್ತೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಹಿಂದಿನ ಆರು ತಿಂಗಳ ವಂತಿಗೆ (ಇಎಸ್‌ಐಗೆ ಕಟ್ಟುವ ಪಾಲು) ಅವಧಿಯಲ್ಲಿ ಕನಿಷ್ಠ 78 ದಿನದ ಸಂಬಳಕ್ಕೆ ವಂತಿಗೆ ಕಟ್ಟಿರಬೇಕು. ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಆದರೆ ಇವರದ್ದು ಬರೀ ಕಾಯಿಲೆ ಅಲ್ಲ. ಮನೆಯಿಂದ ಡ್ಯೂಟಿಗೆ ಹೋಗುವ, ಡ್ಯೂಟಿಯಿಂದ ಮನೆಗೆ ಬರುವ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸದ ಗಾಯ ಅಂತಲೇ ಪರಿಗಣಿಸಬೇಕು ಅನ್ನುವ ನಿಯಮ 2010ರ ತಿದ್ದುಪಡಿಯಿಂದ ಬಂದಿದೆ. ಹಾಗೆ ಒಪ್ಪಿಕೊಂಡರೆ ಶೇ. 90 ಸಿಗುತ್ತೆ, 78 ದಿನದ ಷರತ್ತೂ ಇರಲ್ಲ. ದಿನಕ್ಕೆ 500 ಲೆಕ್ಕ ಹಿಡಿದರೆ ಶೇ. 70ಕ್ಕೆ ತಿಂಗಳಿಗೆ 10,500, ಶೇ. 90ಕ್ಕೆ 13,500. ಮೂರು ತಿಂಗಳಿಗೆ 9,000 ವ್ಯತ್ಯಾಸ. ಅಂದರೆ ಒಂದೂವರೆ ತಿಂಗಳ ಬಾಡಿಗೆ.

ಎಡವೋದು ಇಲ್ಲೇ. "ಫ್ಯಾಕ್ಟರಿ ಒಳಗೆ ಆಗಿದ್ದರೆ ಮಾತ್ರ ಬರುತ್ತೆ" ಅಂತ ಎಚ್‌ಆರ್‌ನವರು ಹೇಳಿ ಕಳಿಸಿಬಿಡ್ತಾರೆ, ಅಪಘಾತ ವರದಿಯನ್ನೇ ಹಾಕಲ್ಲ. ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಿದ್ದ ಹೊತ್ತು, ಬಿದ್ದ ಜಾಗ, ಶಿಫ್ಟಿನ ಟೈಮು, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಆರು ಗಂಟೆ ಶಿಫ್ಟಿಗೆ ಐದೂಕಾಲಿಗೆ ಶಿರಾ ರಸ್ತೆಯಲ್ಲಿ ಬಿದ್ದರೆ ಪ್ರಶ್ನೆ ಬರಲ್ಲ. ದಾರಿ ಬಿಟ್ಟು ಬೇರೆಲ್ಲೋ ಹೋಗಿದ್ದರೆ ಬರುತ್ತೆ. ಆಸ್ಪತ್ರೆಯ ಎಂಎಲ್‌ಸಿ (ಅಪಘಾತದ ಕೇಸ್ ಅಂತ ಆಸ್ಪತ್ರೆ ಬರೆದಿಡುವ ದಾಖಲೆ) ನಕಲು, ಆ ದಿನದ ಶಿಫ್ಟ್ ಪಟ್ಟಿ, ಪೊಲೀಸ್ ದೂರು ಕೊಟ್ಟಿದ್ದರೆ ಅದು, ಎಲ್ಲ ಒಂದೇ ಫೈಲಿನಲ್ಲಿ ಇಡಿ.

ಇನ್ನೊಂದು ತಪ್ಪು ಸರ್ಟಿಫಿಕೇಟಿನದ್ದು. ಖಾಸಗಿ ಡಾಕ್ಟರ ಚೀಟಿ ಇಟ್ಟುಕೊಂಡು ಮೂರು ತಿಂಗಳು ಮನೆಯಲ್ಲಿ ಕೂತು ಕೊನೆಗೆ ಹೋದರೆ ಕಷ್ಟ. ಈಗಲೇ ಎಕ್ಸ್‌ರೇ, ಡಿಸ್ಚಾರ್ಜ್ ಸಮರಿ ತಗೊಂಡು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಅಲ್ಲಿಯ ಸರ್ಟಿಫಿಕೇಟ್ ಶುರು ಮಾಡಿಸಿ. ಒಂದರ ಅವಧಿ ಮುಗಿದ ಮಾರನೇ ದಿನದಿಂದಲೇ ಮುಂದಿನದ್ದು ಇರಬೇಕು. ನಡುವೆ ನಾಲ್ಕು ದಿನ ತಪ್ಪಿದರೆ ಆ ನಾಲ್ಕು ದಿನದ ದುಡ್ಡು ಹೋಯ್ತು. ಕ್ಲೇಮ್ ಹಾಕಬೇಕಾದ್ದು ಇಎಸ್‌ಐ ಶಾಖಾ ಕಚೇರಿಯಲ್ಲಿ, ಡಿಸ್ಪೆನ್ಸರಿಯಲ್ಲಲ್ಲ.

ವಕೀಲೆ, ತುಮಕೂರು:
ಓನರ್ ಮಾತಿಗೆ ಹೆದರಿ ಸಾಮಾನು ಕಟ್ಟಬೇಡಿ ಅಂತ ಆ ತಾಯಿಗೆ ಮೊದಲು ಹೇಳಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮಿತಿ ತೀರಾ ಕಡಿಮೆ ಇರುವುದರಿಂದ 6,000 ಬಾಡಿಗೆಯ ಮನೆಗೆ ಅದು ಅನ್ವಯಿಸಲ್ಲ, ನಿಜ. ಹಾಗಂತ ಓನರ್ ಬೀಗ ಹಾಕುವಂತಿಲ್ಲ. ತಿಂಗಳ ಬಾಡಿಗೆಯ ಮನೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಕರಾರಿನಲ್ಲಿ ಬೇರೆ ಅವಧಿ ಇದ್ದರೆ ಅದು. ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಬಲವಂತವಾಗಿ ಹೊರಗೆ ಹಾಕಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು.

ಆದರೂ ಬಾಡಿಗೆ ಕೊಡಬೇಕಾದ್ದು ಕೊಡಲೇಬೇಕು, ಓನರಿಗೂ ಸಂಸಾರ ಇದೆ. 50,000 ಅಡ್ವಾನ್ಸಿನಲ್ಲಿ 12,000 ಮುರಿದುಕೊಳ್ಳಿ, ಇಎಸ್‌ಐ ದುಡ್ಡು ಬಂದ ಮೇಲೆ ಕಂತಿನಲ್ಲಿ ತುಂಬಿಕೊಡ್ತೀವಿ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಯಾವ ತಿಂಗಳ ಬಾಡಿಗೆ, ಅಡ್ವಾನ್ಸ್ ಉಳಿಕೆ ಎಷ್ಟು (38,000) ಅಂತ ಸ್ಪಷ್ಟವಾಗಿರಲಿ. ಇದನ್ನು ಬರೆಯದೆ ಬಿಟ್ಟರೆ ಮನೆ ಬಿಡುವಾಗ ಜಗಳ ಗ್ಯಾರಂಟಿ. ಮುಂದೆ ನೂರು ರೂಪಾಯಿ ಕೊಟ್ಟರೂ ಫೋನ್‌ಪೇಯಲ್ಲಿ ಹಾಕಿ, ಇಲ್ಲಾ ರಸೀದಿ ತಗೊಳ್ಳಿ.

ಓನರ್ ಒಪ್ಪದಿದ್ದರೆ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೆಂಡತಿಯ ಹೆಸರಿನಲ್ಲೇ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100. ಬಡ್ಡಿ ಸಾಲ ಮಾಡಿ ಬಾಡಿಗೆ ಕಟ್ಟೋದು ಮಾತ್ರ ದಯವಿಟ್ಟು ಬೇಡ.

ಗ್ರಾಮ ಒನ್ ಆಪರೇಟರ್:
ಪಾವಗಡದ ಕಾರ್ಡ್ ಅಂತ ಚಿಂತೆ ಬೇಡ. ಶಿರಾಗೇಟ್ ಹತ್ತಿರದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ರೇಷನ್ ತಗೋಬಹುದು. ಕಾರ್ಡಿನಲ್ಲಿ ಹೆಂಡತಿ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿ 2,000ಕ್ಕೂ ಅರ್ಹರು. ಇನ್ನೂ ಅತ್ತೆಯವರೇ ಯಜಮಾನಿಯಾಗಿದ್ದರೆ ದುಡ್ಡು ಅವರ ಖಾತೆಗೆ ಹೋಗುತ್ತೆ. ಮಂಜೂರಾಗಿಯೂ ಬರದಿದ್ದರೆ ಹೆಚ್ಚಾಗಿ ಕಾರಣ ಒಂದೇ: ಖಾತೆಗೆ ಆಧಾರ್ ಕೊಟ್ಟಿರ್ತಾರೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಆ ಖಾತೆಗೇ ಬೀಳುವಂತೆ ಆಧಾರ್ ಜೋಡಿಸೋದು) ಆಗಿರಲ್ಲ. ಬ್ಯಾಂಕಿನಲ್ಲಿ ಆ ಪದವನ್ನೇ ಹೇಳಿ ಕೇಳಿ.

ಹುಡುಗ ಹಿಂದುಳಿದ ವರ್ಗದವನಾಗಿದ್ದು ಹಾಸ್ಟೆಲ್ ಸಿಕ್ಕಿಲ್ಲ ಅಂದರೆ ವಿದ್ಯಾಸಿರಿಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಊಟ, ವಸತಿಗೆ ಹತ್ತು ತಿಂಗಳು ದುಡ್ಡು ಬರುತ್ತೆ. ರೂಮ್ ಬಾಡಿಗೆಗೆ ಆಸರೆಯಾಗುತ್ತೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಇರುವ ಹೆಸರು ಆಧಾರ್ ಹೆಸರಿಗೆ ಹೊಂದುತ್ತಾ ಅಂತ ಮೊದಲೇ ನೋಡಿ.

ಶಿರಾಗೇಟ್ ನಿವಾಸಿ:
ತುಂಬಾ ಉಪಕಾರ ಆಯ್ತು. ಕರೆಂಟ್ ಬಿಲ್ ತಿಂಗಳಿಗೆ 600 ಬರ್ತಿದೆ. ಮೀಟರ್ ಬೇರೆಯೇ ಇದೆ, ಆದರೆ ಗೃಹಜ್ಯೋತಿ ಹಿಂದೆ ಇದ್ದವರ ಆಧಾರ್‌ನಲ್ಲಿತ್ತಂತೆ.

ಗ್ರಾಮ ಒನ್ ಆಪರೇಟರ್:
ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ, ಮೀಟರ್ ಓನರ್ ಹೆಸರಿನಲ್ಲಿದ್ದರೂ ತೊಂದರೆ ಇಲ್ಲ. ಹಿಂದಿನವರಿಗೆ ಫೋನ್ ಮಾಡಿ ಸೇವಾಸಿಂಧುವಿನಲ್ಲಿ ಆ ಆರ್‌ಆರ್ ನಂಬರಿನಿಂದ (ಮೀಟರಿನ ಸಂಪರ್ಕ ಸಂಖ್ಯೆ) ಅವರ ಆಧಾರ್ ಡೀ-ಲಿಂಕ್ ಮಾಡಿಸಿ. ಅವರಿಗೂ ಹೊಸ ಮನೆಯಲ್ಲಿ ಬೇಕಾಗಿರುತ್ತೆ, ಇಲ್ಲ ಅನ್ನಲ್ಲ. ಆಮೇಲೆ ಇವರ ಆಧಾರ್, ಬಿಲ್ಲಿನಲ್ಲಿರುವ ಅಕೌಂಟ್ ಐಡಿ, ಬಾಡಿಗೆ ಕರಾರು ತಗೊಂಡು ಬನ್ನಿ. ಒಂದು ಎಚ್ಚರಿಕೆ: 200 ಯೂನಿಟ್‌ವರೆಗೂ ಎಲ್ಲರಿಗೂ ಫ್ರೀ ಅಂತ ತಿಳಿಯಬೇಡಿ, ಆ ಮೀಟರಿಗೆ ನಿಗದಿಯಾದಷ್ಟು ಯೂನಿಟ್ ಮಾತ್ರ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ಬಿಲ್, 200 ದಾಟಿದರೆ ಪೂರ್ತಿ ಬಿಲ್. ಮತ್ತೆ ಓನರ್ ಕರೆಂಟ್ ತೆಗೆಸ್ತೀನಿ ಅಂದರೆ ಬೆಸ್ಕಾಂ 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ.