ತಾಯಿ ಸತ್ತ ಜಿಂಕೆಮರಿಗೆ ಬಾಟಲಿ ಹಾಲು ಹೇಗೆ?

ಪ್ರಶ್ನೆ: ನ್ಯೂಜಿಲೆಂಡಿನಲ್ಲಿ ಕೆಂಪು ಜಿಂಕೆ ಫಾರ್ಮ್‌ನಲ್ಲಿದ್ದೇನೆ. ಬೆಳಿಗ್ಗೆ ಹುಟ್ಟಿದ ಮರಿ, ನಿಪ್ಪಲ್ ಬಾಯಿಗೇ ತಗೊಳ್ಳುತ್ತಿಲ್ಲ. ಊರಲ್ಲಿ ಮೇಕೆಮರಿ ಸಾಕಿದ್ದೇನೆ, ಇದು ತುಂಬಾ ಬೆದರುತ್ತದೆ. ಉಳಿಸಿಕೊಳ್ಳಲೇಬೇಕು.

ಉತ್ತರ 1: ಗಿಣ್ಣುಹಾಲು ಕುಡಿದಿತ್ತಾ? ಇಲ್ಲದಿದ್ದರೆ ಮೇಕೆಯದ್ದೋ ಹಸುವಿನದ್ದೋ ಈಗಲೇ ಕೊಡಿ, ನಾಳೆಗೆ ಬೇಡ. ಆಮೇಲೆ ಕುರಿಮರಿಗೆ ಕೊಡುವ ಹಾಲುಪುಡಿ ಸಾಕು. ಜಿಂಕೆ ಹಾಲಲ್ಲಿ ಹಸುವಿನದಕ್ಕಿಂತ ಕೊಬ್ಬು ಜಾಸ್ತಿ. ಕೊಡುವ ಹಾಲು ಸುಮಾರು 38 ಡಿಗ್ರಿ ಬೆಚ್ಚಗಿರಲಿ. ಮರಿಯ ಕಣ್ಣು ಮುಚ್ಚಿ ಹಿಡಿದು ಕುಡಿಸಿ, ಗಾಬರಿ ಇಳಿಯುತ್ತದೆ.

ಉತ್ತರ 2: ಕುಡಿಸುವಾಗ ಬಾಲದ ಕೆಳಗೆ ಒದ್ದೆ ಬಟ್ಟೆಯಿಂದ ಒರೆಸಿ. ತಾಯಿ ನೆಕ್ಕುವುದು ಅದಕ್ಕೇ ಅಲ್ವಾ? ಇಲ್ಲದಿದ್ದರೆ ಮಲಮೂತ್ರ ಕಟ್ಟುತ್ತದೆ. ಗಂಡಾದರೆ ಬೇರೆ ಮರಿಗಳ ಜೊತೆ ಬಿಡಿ. ಮನುಷ್ಯರ ಭಯವಿಲ್ಲದ ಗಂಡು ಬೆಳೆದ ಮೇಲೆ ಅಪಾಯ.

ಉತ್ತರ 3: ಕರ್ನಾಟಕದಲ್ಲಿ ಓದುವವರು ಗಮನಿಸಿ. ಇಲ್ಲಿ ಕಾಡಿನ ಮರಿ ತಂದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ.