ಅಪ್‌ಡೇಟ್: ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಸಮಸ್ಯೆ ಬಗೆಹರಿಯಿತು

ವ್ಯಾನಿನ ಇಎಸ್‌ಸಿ (ವಾಹನ ಜಾರದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ದೀಪ ಆರುತ್ತಿಲ್ಲ, ಸ್ಕ್ಯಾನರ್ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ (ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಭಾಗ) ದೋಷದ ಕೋಡ್ ತೋರಿಸುತ್ತಿದೆ ಎಂದು ಇಲ್ಲಿ ಮೊದಲು ಕೇಳಿದ್ದೆ. ಸೆನ್ಸರ್ ಕೆಟ್ಟಿರಲಿಲ್ಲ. ಚಕ್ರ ನೇರವಿದ್ದಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ 0 ಡಿಗ್ರಿ ಆಸುಪಾಸು ನಿಲ್ಲಬೇಕಾದ ಅಂಕಿ ಜಿಗಿಯುತ್ತಿತ್ತು. ಸ್ಟೀರಿಂಗ್ ಕಾಲಮ್ ಕೆಳಗಿನ ಕನೆಕ್ಟರ್ ಅಲುಗಾಡಿಸಿದರೆ ಅಂಕಿ ಪೂರ್ತಿ ಮಾಯ. ಬಿಚ್ಚಿ ನೋಡಿದರೆ ಪಿನ್ನುಗಳಿಗೆ ಹಸಿರು ಕಿಲುಬು. ಗೋವಾದ ವಾಸ್ಕೋದ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಇದು ಆಗುವಂಥದ್ದೇ.

ಕನೆಕ್ಟರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು 10 ನಿಮಿಷವಾದರೂ ಕಾಯಲೇಬೇಕು. ಪಕ್ಕದಲ್ಲೇ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಇರುತ್ತದೆ, ಅದಕ್ಕೆ ಮಲ್ಟಿಮೀಟರ್ ಮುಟ್ಟಿಸಲೇಬೇಡಿ. ಕಾಂಟ್ಯಾಕ್ಟ್ ಕ್ಲೀನರ್, ಮೃದು ಬ್ರಶ್ ಸಾಕಾಯಿತು. ಪೂರ್ತಿ ಒಣಗಿಸಿ ಜೋಡಿಸಿದೆ. ಕೋಡ್ ಅಳಿಸಿದರೂ ದೀಪ ಉಳಿಯಿತು. ಚಕ್ರ ನೇರವಿಟ್ಟು ಸ್ಕ್ಯಾನರಿನಿಂದ ಸೊನ್ನೆ ಕ್ಯಾಲಿಬ್ರೇಶನ್ (ನೇರ ಸ್ಥಿತಿಯನ್ನು 0 ಡಿಗ್ರಿ ಎಂದು ಗುರುತಿಸುವುದು) ಮಾಡಿದ ಮೇಲೆಯೇ ಆರಿದ್ದು. ಅಲೈನ್‌ಮೆಂಟ್ ಆದಾಗಲೂ ಈ ಕ್ಯಾಲಿಬ್ರೇಶನ್ ಕೇಳಿ ಮಾಡಿಸಿಕೊಳ್ಳಿ. ಕನೆಕ್ಟರ್ ಮೊದಲು ನೋಡಿ ಎಂದವರಿಗೆ ಮನಸಾರೆ ಧನ್ಯವಾದ.