ಎಂಟಲ್ಲ, ಆರು: ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಬಗ್ಗೆ ನಾಟಕ ಸಂಘದ ಗುಂಪಿನಲ್ಲಿ ಜಟಾಪಟಿ

ಮುರಳಿ: (ಫಾರ್ವರ್ಡ್ ವಿಡಿಯೊ) ಒಬ್ಬನೇ ನಟ, ಒಂದೇ ಫ್ರೇಮಲ್ಲಿ ಎಂಟು ಪಾತ್ರ!! 1949ರಲ್ಲೇ ಗ್ರಾಫಿಕ್ಸ್!! 🙏🙏

ವಸುಧಾ: ಇಡೀ ಸಿನಿಮಾದಲ್ಲಿ ಅಲೆಕ್ ಗಿನ್ನೆಸ್ ಮಾಡಿದ್ದು ಎಂಟು, ಸರಿ. ಈ ಚರ್ಚ್ ಶಾಟಲ್ಲಿ ಆರೇ. ಎಣಿಸು. ಗ್ರಾಫಿಕ್ಸಂತೂ ಅಲ್ವೇ ಅಲ್ಲ. 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್', ಲಂಡನ್ನಿನ ಈಲಿಂಗ್ ಸ್ಟುಡಿಯೊದ್ದು.

ನಾಗರಾಜ: ಬೇರೆ ಬೇರೆ ತೆಗೆದು ಲ್ಯಾಬಲ್ಲಿ ಅಂಟಿಸಿರ್ತಾರೆ, ಅದರಲ್ಲೇನು.

ವಸುಧಾ: ಲ್ಯಾಬಲ್ಲಿ ಅಲ್ಲ ಕಣೋ, ಕ್ಯಾಮೆರಾದೊಳಗೇ ಮಾಡಿದ್ದು. ಕ್ಯಾಮೆರಾಮನ್ ಡಗ್ಲಸ್ ಸ್ಲೊಕೊಂಬ್. ಕ್ಯಾಮೆರಾನ ಅಲ್ಲಾಡದ ಹಾಗೆ ಬಿಗಿದು, ಲೆನ್ಸ್ ಮುಂದೆ ಬೆಳಕು ತಡೆಯೋ ಮಾಸ್ಕ್ ಇಟ್ಟು, ಒಬ್ಬ ನಿಲ್ಲೋ ಜಾಗ ಮಾತ್ರ ತೆರೆದು ಶೂಟ್ ಮಾಡೋದು. ಮೇಕಪ್ ಬದಲಾಯಿಸಿ ಬರೋಷ್ಟರಲ್ಲಿ ಫಿಲ್ಮನ್ನ ಅದೇ ಫ್ರೇಮಿಗೆ ಹಿಂದಕ್ಕೆ ಸುತ್ತಿ, ಆ ಜಾಗ ಮುಚ್ಚಿ ಪಕ್ಕದ್ದು ತೆರೆಯೋದು. ಹೀಗೆ ಆರು ಸಲ, ಒಂದೇ ನೆಗೆಟಿವ್ ಮೇಲೆ.

ನಾಗರಾಜ: ಕೂದಲೆಳೆಯಷ್ಟು ತಪ್ಪಿದ್ರೆ?

ವಸುಧಾ: ಎರಡು ಮಾಸ್ಕ್ ನಡುವೆ ಸಂದು ಬಿಟ್ರೆ ಕಪ್ಪು ಗೆರೆ. ತೆರೆದ ಭಾಗಗಳು ಒಂದರ ಮೇಲೊಂದು ಬಂದ್ರೆ ಆ ಪಟ್ಟಿ ಎರಡು ಸಲ ಬೆಳಕು ತಿಂದು ಬೆಳ್ಳಗಾಗುತ್ತೆ. ಲೈಟ್ ಒಂಚೂರು ಸರಿದ್ರೂ ಗೋಡೆ ಬಣ್ಣ ಎರಡಾಗುತ್ತೆ. ಐದನೆಯವನಲ್ಲಿ ಕೆಟ್ಟರೆ ಮೊದಲಿನ ನಾಲ್ಕೂ ಹೋಯ್ತು, ಅವೂ ಅದೇ ನೆಗೆಟಿವಲ್ಲೇ ಇರೋದಲ್ವಾ. ಯಾರಾದ್ರೂ ಕ್ಯಾಮೆರಾ ಮುಟ್ಟಿಬಿಟ್ಟಾರು ಅಂತ ಸ್ಲೊಕೊಂಬ್ ರಾತ್ರಿ ಸ್ಟುಡಿಯೊದಲ್ಲೇ ಮಲಗಿದ್ದ.

ಮುರಳಿ: ನಮ್ಮ 'ಶಂಕರ್ ಗುರು'ನಲ್ಲೂ ಅಣ್ಣಾವ್ರದ್ದು ಮೂರು ಪಾತ್ರ. ತಮಿಳಲ್ಲಿ ಶಿವಾಜಿಯವರು 'ನವರಾತ್ರಿ'ಗೆ ಒಂಬತ್ತು ಮಾಡಿದ್ರು 😎

ಶ್ರೀಧರ: ಆ ಎರಡರಲ್ಲೂ ಅವರೇ ಹೀರೊ ಮಾರಾಯ. ಇಲ್ಲಿ ಹೀರೊ ಡೆನಿಸ್ ಪ್ರೈಸ್. ಗಿನ್ನೆಸ್‌ನ ಎಂಟೂ ಜನ ಆ ಹೀರೊ ಡ್ಯೂಕ್ ಪಟ್ಟಕ್ಕೇರೋ ದಾರಿಗೆ ಅಡ್ಡ ಇರೋರು, ಬಂದು ಸಾಯೋರು. ಮೊದಲು ನಾಲ್ಕೇ ಪಾತ್ರ ಕೊಟ್ಟಿದ್ರು, ಎಂಟೂ ನನಗೇ ಬೇಕು ಅಂತ ಗಿನ್ನೆಸ್ಸೇ ಕೇಳಿದ್ದು.

ನಾಗರಾಜ: ವೇಷ ಹಾಕಿದ್ರೆ ಯಾರು ಬೇಕಾದ್ರೂ ಮಾಡ್ತಾರೆ. 'ಆಲಿವರ್ ಟ್ವಿಸ್ಟ್'ನ (1948) ಫೇಗಿನ್ ನೋಡು, ಕಳ್ಳ ಹುಡುಗರ ಯೆಹೂದಿ ಯಜಮಾನ, ಬರೀ ಅಂಟಿಸಿದ ಮೂಗು. ಯೆಹೂದಿಗಳನ್ನ ಹಂಗಿಸೋ ಹಾಗಿದೆ ಅಂತ ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯೇ ಆಗ್ಲಿಲ್ಲ, ಆಮೇಲೂ ಕತ್ತರಿ ಹಾಕಿಯೇ ಬಿಟ್ಟಿದ್ದು.

ಶ್ರೀಧರ: ಆ ಮೂಗು ತಪ್ಪೇ, ಒಪ್ಪಿದೆ. ಆದ್ರೆ 'ದ ಬ್ರಿಜ್ ಆನ್ ದ ರಿವರ್ ಕ್ವಾಯ್' (1957) ನೋಡು, ಆಸ್ಕರ್ ಬಂದಿದ್ದು ಅದಕ್ಕೆ. ಅಲ್ಲಿ ಅಂಟಿಸಿದ್ದು ಏನೂ ಇಲ್ಲ. ಕಾದ ತಗಡಿನ ಗೂಡಿಂದ ಇವನ ಪಾತ್ರ, ಆ ಕರ್ನಲ್, ಹೊರಗೆ ಬಂದು ನಡೀತಾನಲ್ಲ, ಆ ನಡಿಗೆ ಪೋಲಿಯೊದಿಂದ ಚೇತರಿಸಿಕೊಳ್ತಿದ್ದ ಅವನ ಮಗನದ್ದು. ಕಾಲು ತಡವರಿಸುತ್ತೆ, ಬೆನ್ನು ಮಾತ್ರ ಬಗ್ಗಲ್ಲ. ಪಾತ್ರ ಪೂರ್ತಿ ಆ ನಡಿಗೆಯಲ್ಲೇ ಇದೆ.

ವಸುಧಾ: ಅದಕ್ಕೂ ಒಂದು ಕೈ ಮೇಲೆ 1979ರ ಬಿಬಿಸಿ ಧಾರಾವಾಹಿ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ'ನ ಗೂಢಚಾರ ಸ್ಮೈಲಿ. ಏಳು ಕಂತು. ಬ್ರಿಟನ್ನಿನ ಗೂಢಚಾರ ಸಂಸ್ಥೆಯ ಮುಖ್ಯಸ್ಥನಾಗಿದ್ದ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟಕ್ಕೆ ಕೂತು ಬಟ್ಟೆ, ನಡಿಗೆ ಎಲ್ಲ ಗಮನಿಸಿಕೊಂಡು ಬಂದ. ತೆರೆ ಮೇಲೆ ಎದುರಿಗಿರೋರು ಮಾತಾಡ್ತಾರೆ, ಇವನು ಕೇಳಿಸಿಕೊಳ್ತಾನೆ, ಕನ್ನಡಕ ಒರೆಸ್ತಾನೆ. ನೀನು ಅವನನ್ನೇ ನೋಡ್ತಿರ್ತೀಯ.

ನಾಗರಾಜ: ಸರಿ, ಗೋಡ್‌ಬೋಲೆ? 'ಎ ಪ್ಯಾಸೇಜ್ ಟು ಇಂಡಿಯಾ', 1984. ಕಂದು ಬಣ್ಣ ಬಳಿದುಕೊಂಡು ಬ್ರಾಹ್ಮಣ. ಅದೂ ನಮ್ಮ ಸಾವನದುರ್ಗದಲ್ಲಿ ಶೂಟಿಂಗ್ ಮಾಡಿದ ಚಿತ್ರ.

ಶ್ರೀಧರ: ಅದಕ್ಕಂತ ಅವನು ಕಲಿತ ಕುಣಿತವನ್ನ ನಿರ್ದೇಶಕ ಡೇವಿಡ್ ಲೀನ್ ಎಡಿಟಿಂಗಲ್ಲಿ ಕಿತ್ತುಹಾಕಿದ. ಉಳಿದ ಚೂರು ನೋಡಿ ತೀರ್ಪು ಕೊಟ್ರೆ ಹೇಗೆ?

ವಸುಧಾ: ಕುಣಿತ ಉಳಿದಿದ್ರೆ ಇನ್ನೂ ಮುಜುಗರ ಆಗ್ತಿತ್ತೇನೋ ಶ್ರೀಧರ 😬 ನಡಿಗೆ ಕದಿಯಬಹುದು, ಮೈಬಣ್ಣ ಅಲ್ಲ.

ಮುರಳಿ: ಆಗ ಇಂಗ್ಲಿಷ್ ಬಲ್ಲ ನಟರು ನಮ್ಮಲ್ಲಿ ಎಲ್ಲಿದ್ರು ಪಾಪ.

ನಾಗರಾಜ: ಲೇ, ಅದೇ ಚಿತ್ರದಲ್ಲೇ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಇದ್ರಲ್ಲೋ! ಪಾತ್ರವರ್ಗ ಓದಿಕೊಂಡು ಬಾ.